ಆಗುಂಬೆಯ ಮಳೆ ಹಿಡಿಯಲು ಹೋದವರು

ಪರದೆಯ ಮೇಲೆ ಧೋ ಎಂದು ಸುರಿಯುವ ಮಳೆ ಕಂಡು ನೀವು ಎಷ್ಟು ಸಲ ಸೀಟಿನಲ್ಲೇ ಮೈ ಮುದುಡಿಕೊಂಡಿದ್ದೀರಿ? ಆ ನೀರಿನಲ್ಲಿ ಬಹುಪಾಲು ಬಂದದ್ದು ಮೋಡದಿಂದಲ್ಲ ಸ್ವಾಮೀ, ಟ್ಯಾಂಕರಿನಿಂದ! ಡಿಸೆಂಬರಿನಲ್ಲಿ ಎರಡು ಟ್ಯಾಂಕರ್ ತಂದು ನಿಲ್ಲಿಸಿ, ಪೈಪು ಎತ್ತಿ ಹಿಡಿದು, ನಾಯಕ-ನಾಯಕಿಯರ ಬೆನ್ನ ಹಿಂದಿನಿಂದ ದೀಪ ಹೊಡೆದರೆ ಮಳೆಗಾಲ ರೆಡಿ. ‘ಕಟ್’ ಎಂದ ಕೂಡಲೇ ಮಳೆಯೂ ಕಟ್. ನಾಯಕಿಗೆ ಟವೆಲು, ಬಿಸಿ ಕಾಫಿ. ಇಂಥ ಹೇಳಿದ ಹಾಗೆ ಕೇಳುವ ಮಳೆ ಇರುವಾಗ ನಿಜವಾದ ಮಳೆಯ ಬೆನ್ನು ಹತ್ತುವವರು ಯಾರು?

ಒಬ್ಬರಿದ್ದಾರೆ. ಹೆಸರು ಬೇಡ, ಚಿತ್ರ ಸೆಟ್ಟೇರಿದ ಮೇಲೆ ನೀವೇ ಓದುವಿರಂತೆ. ಹನ್ನೊಂದು ವರ್ಷ ಸಹಾಯಕ ನಿರ್ದೇಶಕರಾಗಿ ಕ್ಲ್ಯಾಪ್ ಹೊಡೆದು, ಊಟದ ಲೆಕ್ಕ ಬರೆದು, ಬೇರೆಯವರ ಚಿತ್ರಗಳಿಗೆ ಬೆವರು ಸುರಿಸಿದವರು. ಈಗ ಮೊದಲ ಸಲ ಸ್ವತಂತ್ರ ನಿರ್ದೇಶನದ ಅವಕಾಶ ಬಂದಿದೆ. ಕಥೆ ಇಷ್ಟೇ: ಘಟ್ಟದ ಮೇಲಿನ ಒಂದು ಮನೆ, ಹೆರಿಗೆ ನೋವು ತಿನ್ನುತ್ತಿರುವ ಹೆಣ್ಣು, ಮಳೆಗೆ ಕುಸಿದ ರಸ್ತೆ, ಒಂದು ರಾತ್ರಿ. ನಿರ್ಮಾಪಕರು ಅಡಿಕೆ ವ್ಯಾಪಾರದವರು, ಮಳೆ ಎಂದರೆ ಏನೆಂದು ಚೆನ್ನಾಗಿ ಬಲ್ಲವರು. ‘‘ಡಿಸೆಂಬರಲ್ಲಿ ಟ್ಯಾಂಕರ್ ಹಾಕಿ ಮುಗಿಸ್ರಿ. ಮಳೇಲಿ ಹೋಗಿ ನನ್ನ ದುಡ್ಡು ತೊಳ್ಕೊಂಡು ಹೋಗೋದು ಬೇಡ’’ ಅಂದರು. ನಿರ್ದೇಶಕರು ಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ ಸಿಕ್ಕಿದ್ದು ನಾಲ್ಕು ದಿನ. ‘‘ಹೋಗಿ ನೋಡ್ಕಂಡು ಬನ್ನಿ. ಆಗುತ್ತೆ ಅಂದ್ರೆ ಆಗುತ್ತೆ ಅನ್ನಿ, ಆಗಲ್ಲ ಅಂದ್ರೆ ಆಗಲ್ಲ ಅನ್ನಿ. ಸುಳ್ಳು ಮಾತ್ರ ಬೇಡ. ಆಗಲ್ಲ ಅಂದ್ರೆ ಟ್ಯಾಂಕರ್ರು, ಟ್ಯಾಂಕರ್ರೂ ಬೇಡ ಅಂದ್ರೆ ಪಿಕ್ಚರ್ರೂ ಬೇಡ.’’

ಹೀಗೆ ಆಷಾಢದ ಒಂದು ಮಂಗಳವಾರ ನಿರ್ದೇಶಕರು, ಅವರ ಛಾಯಾಗ್ರಾಹಕ ಗೆಳೆಯ ಮತ್ತು ಬರೆಯುವುದಕ್ಕೆ ಏನಾದರೂ ಸಿಕ್ಕೀತೆಂದು ಜೊತೆಗೆ ಹೊರಟ ನಾನು, ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸಿ ಆಗುಂಬೆಗೆ ಬಂದಿಳಿದೆವು.

ಶನಿವಾರ, ಭಾನುವಾರ ಬಂದಿದ್ದರೆ ಬೇರೆ ಕಥೆ. ಮಳೆ ನೋಡಲು ಬರುವ ಕಾರುಗಳ ಸಾಲು, ಫೋಟೋ, ಮೆಕ್ಕೆಜೋಳ. ಮಂಗಳವಾರದ ಆಗುಂಬೆಯಲ್ಲಿ ಬಸ್‌ಸ್ಟ್ಯಾಂಡಿನ ಕೆಳಗೆ ನಿಂತಿದ್ದವರು ನಾವು ಮೂವರು, ಒಂದು ನಾಯಿ, ಒಂದು ಆಕಳು. ಎದುರು ಅಂಗಡಿಯ ಬೋರ್ಡು ಕಾಣದಷ್ಟು ಮಂಜು. ಸೂರ್ಯಾಸ್ತ ನೋಡುವ ಜಾಗಕ್ಕೆ ದಾರಿ ಕೇಳಿದ ಛಾಯಾಗ್ರಾಹಕರಿಗೆ ಅಂಗಡಿಯವರು, ‘‘ಸೂರ್ಯನ್ನ ನಾವೇ ಕಾಣ್ದೆ ತಿಂಗಳಾಯ್ತು ಮಾರಾಯ್ರೆ, ನಿಮಗೆಲ್ಲಿಂದ ತೋರ್ಸೋಣ?’’ ಎಂದರು. ಶುಭ್ರ ಸಂಜೆಗಳಲ್ಲಿ ಅಲ್ಲಿಂದ ಅರಬ್ಬೀ ಸಮುದ್ರವೇ ಕಾಣುತ್ತದಂತೆ. ನಮಗೆ ಕಂಡದ್ದು ಬಿಳಿ ಗೋಡೆ.

ಪಿಯುಸಿ ಅರ್ಧಕ್ಕೇ ಬಿಟ್ಟವನು ನಾನು; ಭೂಗೋಳದ ಮೇಷ್ಟ್ರು ಹಲಗೆಯ ಮೇಲೆ ಬಾಣದ ಗುರುತು ಹಾಕಿ ವಿವರಿಸಿದ್ದು ಇಲ್ಲಿ ನಿಂತಾಗ ತಲೆಗೆ ಹೋಯಿತು. ಸಮುದ್ರದ ಮೇಲಿನಿಂದ ನೀರು ಹೊತ್ತು ಬರುವ ಗಾಳಿ ಸುಮಾರು ಐವತ್ತು ಕಿಲೋಮೀಟರ್ ಅಡ್ಡಿಯಿಲ್ಲದೆ ಓಡಿ, ಇಲ್ಲಿ ಗೋಡೆಯಂಥ ಘಟ್ಟಕ್ಕೆ ಹಾಯುತ್ತದೆ. ಹತ್ತದೆ ವಿಧಿಯಿಲ್ಲ. ಹತ್ತಿದರೆ ತಣ್ಣಗಾಗುತ್ತದೆ, ತಣ್ಣಗಾದರೆ ಹೊರೆ ಇಳಿಸುತ್ತದೆ. ಇಳಿಸುವುದು ಆಗುಂಬೆಯ ನೆತ್ತಿಯ ಮೇಲೆ! ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿದ ಮಳೆ. 1946ರ ಆಗಸ್ಟ್ ತಿಂಗಳೊಂದರಲ್ಲೇ 4,508 ಮಿಲಿಮೀಟರ್ ಬಿತ್ತೆಂದು ದಾಖಲೆ. ಬೆಂಗಳೂರಿಗೆ ನಾಲ್ಕು ವರ್ಷದಲ್ಲಿ ಬೀಳುವುದಕ್ಕಿಂತ ಹೆಚ್ಚು ಇಲ್ಲಿ ಮೂವತ್ತೊಂದು ದಿನದಲ್ಲಿ! ಈಚೆಗೆ ಕೆಲವು ವರ್ಷ ಇದೇ ಜಿಲ್ಲೆಯ ಹುಲಿಕಲ್ಲು ಆಗುಂಬೆಯನ್ನು ಹಿಂದೆ ಹಾಕಿದೆ. ಊರಿನವರಿಗೆ ಅದೊಂದು ಸಣ್ಣ ಬೇಸರ, ಪಕ್ಕದ ಮನೆ ಹುಡುಗ ಹೆಚ್ಚು ಮಾರ್ಕ್ಸ್ ತೆಗೆದ ಹಾಗೆ.

ಶಂಕರಣ್ಣನ ಬೀದಿ

ಸಿನಿಮಾದವರಿಗೆ ಈ ಊರು ಹೊಸದಲ್ಲ. ಆರ್.ಕೆ. ನಾರಾಯಣ್ ಕಲ್ಪಿಸಿದ ಮಾಲ್ಗುಡಿಯನ್ನು ಶಂಕರ್‌ನಾಗ್ ಹುಡುಕಿಕೊಂಡದ್ದು ಇಲ್ಲೇ. 1986ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಲ್ಗುಡಿ ಡೇಸ್’ ನೋಡಿದವರು ಈ ಬೀದಿಯಲ್ಲಿ ಇಂದೂ ಸ್ವಾಮಿಯನ್ನು ಹುಡುಕುತ್ತಾರೆ. ಮಾಸ್ಟರ್ ಮಂಜುನಾಥ್ ಓಡಿದ ದಾರಿ, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ, ಕಲಾನಿರ್ದೇಶಕ ಜಾನ್ ದೇವರಾಜ್ ಕಟ್ಟಿದ ಊರೊಳಗಿನ ಊರು... ದೊಡ್ಡಮನೆಯ ಕಂಬಗಳು ಈಗಲೂ ಹಾಗೇ ಇವೆ. ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತಾರೂ ತುಂಬಿರಲಿಲ್ಲ. ನಮ್ಮ ನಿರ್ದೇಶಕರು ಆಗಿನ್ನೂ ಹುಟ್ಟಿರಲಿಲ್ಲ. ಆದರೂ ಬೀದಿಯ ನಡುವೆ ಕೊಡೆ ಹಿಡಿದು ಐದು ನಿಮಿಷ ಸುಮ್ಮನೆ ನಿಂತರು. ನಾನು ಏನೂ ಕೇಳಲಿಲ್ಲ.

ಇಲ್ಲಿಂದ ಮೂವತ್ತು ಕಿಲೋಮೀಟರ್ ಒಳಗೆ ಶೃಂಗೇರಿ. ಅದರ ಬಳಿಯ ವೈಕುಂಠಪುರದಲ್ಲಿ ‘ಸಂಸ್ಕಾರ’ ತೆಗೆದರು, 1970ರಲ್ಲಿ ತೆರೆಗೆ ಬಂತು. ಮಳೆಯನ್ನೇ ನಂಬಿ ಗೆದ್ದದ್ದು ಎಂದರೆ 2006ರ ‘ಮುಂಗಾರು ಮಳೆ’. ಎಸ್. ಕೃಷ್ಣ ಅವರ ಕ್ಯಾಮರಾದಲ್ಲಿ ಸಕಲೇಶಪುರ, ಜೋಗ ಎಲ್ಲ ನೆಂದದ್ದು ನಿಮಗೆ ನೆನಪಿದೆ. ‘‘ಆ ಚಿತ್ರದ ಹೆಸರು ಹೇಳೇ ನಮ್ಮ ಯಜಮಾನ್ರನ್ನ ಅರ್ಧ ಒಪ್ಸಿದ್ದು’’ ಎಂದು ನಿರ್ದೇಶಕರು ನಕ್ಕರು.

ನಾವು ಇಳಿದುಕೊಂಡ ಮನೆಯ ಅಮ್ಮ ಮೊದಲು ಕೊಟ್ಟದ್ದು ಕಷಾಯ, ಆಮೇಲೆ ಕೊಟ್ಟದ್ದು ಒಂದು ಹಿಡಿ ಉಪ್ಪು. ಉಪ್ಪು ಯಾಕೆಂದು ಸಂಜೆ ತಿಳಿಯಿತು. ಉಂಬಳ! ಕಾಲ್ಬೆರಳ ಸಂದಿ, ಸಾಕ್ಸಿನೊಳಗೆ, ಛಾಯಾಗ್ರಾಹಕರ ಕಾಲರಿನ ಕೆಳಗೂ ಒಂದು. ಕಚ್ಚಿದ್ದು ಗೊತ್ತಾಗುವುದಿಲ್ಲ, ರಕ್ತ ನಿಲ್ಲುವುದಿಲ್ಲ. ಕಾಳಿಂಗ ಸರ್ಪದ ಬಗ್ಗೆ ನಾನು ಮೆಲ್ಲಗೆ ಕೇಳಿದೆ. ಈ ಕಾಡಿನ ಪ್ರಖ್ಯಾತ ತಾರೆ ಅದೇ ತಾನೆ? ಅದರ ಸಲುವಾಗಿಯೇ ರಾಮ್ಯುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರುಮಾಡಿದರು. ಪಶ್ಚಿಮ ಘಟ್ಟದ ಕಾಳಿಂಗವೇ ಬೇರೆ ಜಾತಿಯೆಂದು 2024ರಲ್ಲಿ ಗುರುತಿಸಿದ ವಿಜ್ಞಾನಿಗಳು ನಮ್ಮ ‘ಕಾಳಿಂಗ’ ಎಂಬ ಹೆಸರನ್ನೇ ಅದರ ಶಾಸ್ತ್ರೀಯ ಹೆಸರಿಗೆ ಸೇರಿಸಿದರು. ಅಮ್ಮನದು ಒಂದೇ ಮಾತು: ‘‘ಅದು ಹಾವು ತಿನ್ನೋ ಹಾವು. ಸಿನಿಮಾದವ್ರನ್ನ ಎಂತ ಮಾಡತ್ತೆ?’’

ಕಾಣದ ಮಳೆ

ಎರಡನೆಯ ದಿನ ಬೆಳಿಗ್ಗೆ ಪರೀಕ್ಷೆಗೆಂದು ತಂದ ಸಣ್ಣ ಕ್ಯಾಮರಾಕ್ಕೆ ಪ್ಲಾಸ್ಟಿಕ್ ಹೊದಿಸಿ ರಸ್ತೆಗಿಳಿದೆವು. ಕಿವಿ ಕಿವುಡಾಗುವಂಥ ಮಳೆ. ಹತ್ತು ನಿಮಿಷ ತೆಗೆದು ಒಳಗೆ ಬಂದು ನೋಡಿದರೆ, ಪರದೆಯಲ್ಲಿ ಮಳೆಯೇ ಇಲ್ಲ! ಬೂದು ಆಕಾಶ, ಬೂದು ರಸ್ತೆ, ನೆಂದು ನಿಂತ ನಾನು. ನಿರ್ದೇಶಕರ ಮುಖ ಕಪ್ಪಿಟ್ಟಿತು. ಛಾಯಾಗ್ರಾಹಕರಿಗೆ ಅಚ್ಚರಿಯೇನಿಲ್ಲ. ಮಳೆ ಹನಿ ಕ್ಯಾಮರಾಕ್ಕೆ ಕಾಣಬೇಕಾದರೆ ಬೆಳಕು ಅದರ ಹಿಂದಿನಿಂದ ಬರಬೇಕು, ಇಲ್ಲವೇ ಹಿಂದೆ ಕಪ್ಪು ಇರಬೇಕು. ಮೋಡದ ಬೆಳಕು ಎಲ್ಲ ಕಡೆಯಿಂದ ಒಂದೇ ಸಮ ಬೀಳುವಾಗ ಹನಿ ಕರಗಿ ಹೋಗುತ್ತದೆ. ಟ್ಯಾಂಕರಿನವರು ದೀಪ ಹಿಂದೆ ಇಡುವ ಗುಟ್ಟು ಇದೇ.

ಆಮೇಲಿನ ಎರಡು ದಿನ ನಾವು ಹುಡುಕಿದ್ದು ಕಪ್ಪನ್ನು. ಅಡಿಕೆ ತೋಟದ ಒಳಗಿನ ಕತ್ತಲೆಯ ಎದುರು ಹನಿಗಳು ಬೆಳ್ಳಿ ಸರಿಗೆಯಂತೆ ಇಳಿದವು. ಹಳೆಯ ಮನೆಯ ನಾಗಂದಿಗೆಯಿಂದ ಸೂರುನೀರು ಬೀಳುವುದು ಹೆಬ್ಬಾಗಿಲ ಕತ್ತಲಿಗೆ ಎದುರಾಗಿ ಎಷ್ಟು ಚೆಂದ ಕಂಡಿತು! ಆದರೆ ಲೆಕ್ಕ ಕೇಳಿ. ದಿನಕ್ಕೆ ಕೆಲಸಕ್ಕೆ ಬರುವ ಬೆಳಕು ಮೂರೇ ಗಂಟೆ. ಮಂಜು ಬಂತೆಂದರೆ ಅದೂ ಇಲ್ಲ. ಲೆನ್ಸು ಬೆವರುತ್ತದೆ, ಒರೆಸುವಷ್ಟರಲ್ಲಿ ಮಳೆ ಸಣ್ಣದಾಗಿ ಹಿಂದಿನ ಷಾಟಿಗೆ ಹೊಂದುವುದಿಲ್ಲ. ಹೆಂಚಿನ ಮೇಲಿನ ಸದ್ದಿಗೆ ಸಂಭಾಷಣೆ ಒಂದೂ ದಾಖಲಾಗದು, ಎಲ್ಲಕ್ಕೂ ಡಬ್ಬಿಂಗು. ಬಟ್ಟೆ ಒಣಗುವುದಿಲ್ಲ, ಕರೆಂಟು ಹೋದರೆ ಯಾವಾಗ ಬರುತ್ತದೋ. ನಾಯಕಿಗೆ ಜ್ವರ ಬಂದರೆ ಆ ದಿನದ ಖರ್ಚು ಯಾರ ತಲೆ ಮೇಲೆ? ಕಾಡಿನ ಒಳಗೆ ಕ್ಯಾಮರಾ ಇಡಬೇಕೆಂದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಶುಲ್ಕ ಬೇರೆ. ನಿರ್ದೇಶಕರು ಎಲ್ಲವನ್ನೂ ಒಂದು ನೋಟ್ ಬುಕ್ಕಿನಲ್ಲಿ ಬರೆದುಕೊಂಡರು. ಒಂದನ್ನೂ ಬಿಡಲಿಲ್ಲ. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ‘ಆಗಲ್ಲ’ ಎಂಬ ಕಡೆ ಹನ್ನೆರಡು ಸಾಲು, ‘ಆಗುತ್ತೆ’ ಎಂಬ ಕಡೆ ಮೂರು.

ಸಂಜೆ ಘಟ್ಟದ ರಸ್ತೆ ನೋಡಲು ಒಂದು ಜೀಪು ಹಿಡಿದೆವು. ತೀರ್ಥಹಳ್ಳಿ ಕಡೆಯಿಂದ ಉಡುಪಿ, ಮಣಿಪಾಲಕ್ಕೆ ಇಳಿಯುವ ಹೆದ್ದಾರಿ ಇದೇ, 14 ಕಡಿದಾದ ತಿರುವು. ದೊಡ್ಡ ಲಾರಿಗಳಿಗೆ ನಿಷೇಧ, ಬಸ್ಸುಗಳೂ ಚಿಕ್ಕವೇ. ಮಣ್ಣು ಕುಸಿದರೆ ಅದೂ ಬಂದ್. ಒಂದು ತಿರುವಿನಲ್ಲಿ ಧರೆ ಜಾರಿ ಅರ್ಧ ರಸ್ತೆ ಕೆಂಪಗಾಗಿತ್ತು. ಸಾಲಿನಲ್ಲಿ ನಮ್ಮ ಮುಂದೆ ಒಂದು ಆಂಬುಲೆನ್ಸು. ಯಾರೂ ಹಾರನ್ ಹೊಡೆಯಲಿಲ್ಲ. ಕಂಬಳಿ ಕೊಪ್ಪೆ ಹಾಕಿದ ನಾಲ್ಕು ಜನ ಗುದ್ದಲಿ ಹಿಡಿದು ಮಣ್ಣೆಳೆಯುತ್ತಿದ್ದರು. ಎಲ್ಲಿಂದ ಬಂದರೋ, ಹೇಳಿಕಳಿಸಿದವರು ಯಾರೋ! ನಮ್ಮ ಜೀಪಿನ ಡ್ರೈವರೂ ಇಳಿದು ಹೋದರು. ಇಪ್ಪತ್ತು ನಿಮಿಷಕ್ಕೆ ಒಂದು ಗಾಡಿ ಹೋಗುವಷ್ಟು ದಾರಿಯಾಯಿತು. ಆಂಬುಲೆನ್ಸು ದಾಟುವಾಗ ಹಿಂದಿನ ಗಾಜಿನಲ್ಲಿ ಬಳೆ ತೊಟ್ಟ ಒಂದು ಕೈ ಕಂಡಿತು, ಕಂಬಿ ಹಿಡಿದಿತ್ತು. ಅಷ್ಟೇ.

ಛಾಯಾಗ್ರಾಹಕರ ಮಡಿಲಲ್ಲಿ ಕ್ಯಾಮರಾ ಇತ್ತು. ಅವರು ಎತ್ತಲಿಲ್ಲ. ನಿರ್ದೇಶಕರೂ ಎತ್ತಿ ಅನ್ನಲಿಲ್ಲ. ಡ್ರೈವರ್ ಕೈ ಒರೆಸಿಕೊಳ್ಳುತ್ತಾ ಬಂದು ಕೂತು, ‘‘ಇದು ಮುಚ್ಚಿದ್ರೆ ಸುತ್ತು ಹಾಕ್ಕಂಡು ಹೋಗ್ಬೇಕು ಸಾರ್. ಹಾರ್ಟಿನವ್ರಿಗೆ, ಬಸುರಿಯರಿಗೆ ಅಷ್ಟು ಟೈಮ್ ಎಲ್ಲಿರತ್ತೆ?’’ ಎಂದರು.

ರಾತ್ರಿ ಊಟಕ್ಕೆ ಕಳಲೆ ಪಲ್ಯ, ಪತ್ರೊಡೆ, ಬಿಸಿ ಅನ್ನ. ಯಾರೂ ಹೆಚ್ಚು ಮಾತಾಡಲಿಲ್ಲ. ನಿರ್ದೇಶಕರು ನೋಟ್ ಬುಕ್ಕು ತೆರೆದು ಚಿತ್ರಕಥೆಯ ಮೇಲೆ ಗೀಟು ಎಳೆಯತೊಡಗಿದರು. ಮೊದಲು ಹೋದದ್ದು ಡ್ಯೂಯೆಟ್ಟು, ಆಮೇಲೆ ಹಾಸ್ಯದ ಪಾತ್ರ. ಮಳೆ ಬೇಕೇಬೇಕಾದ ದೃಶ್ಯ ಏಳು ಉಳಿದವು: ಎಲ್ಲ ಮನೆಯ ಜಗಲಿಯಿಂದ, ತೋಟದ ಅಂಚಿನಿಂದ ತೆಗೆಯುವಂಥವು. ಅರಣ್ಯದೊಳಗೆ ಒಂದೂ ಇಲ್ಲ. ಮೂವತ್ತು ಜನರ ಯೂನಿಟ್ಟು ಒಂಬತ್ತಕ್ಕೆ ಇಳಿಯಿತು. ಮಾತು ಕಡಿಮೆಯಾದ್ದರಿಂದ ಡಬ್ಬಿಂಗಿನ ಖರ್ಚೂ ಇಳಿಯಿತು!

ಮರುದಿನ ಫೋನು ಸಿಗ್ನಲ್ ಸಿಕ್ಕಿದ್ದು ಬಸ್‌ಸ್ಟ್ಯಾಂಡಿನ ಒಂದು ಮೂಲೆಯಲ್ಲಿ. ನಿರ್ದೇಶಕರು ‘ಆಗಲ್ಲ’ ಎಂಬ ಹನ್ನೆರಡನ್ನೂ ಒಂದೊಂದಾಗಿ ಓದಿ ಹೇಳಿದರು. ಆಚೆ ಕಡೆ ನಿಶ್ಶಬ್ದ. ಆಮೇಲೆ ಏಳು ದೃಶ್ಯ ಹೇಳಿದರು, ಒಂಬತ್ತು ಜನ ಎಂದರು, ಆಂಬುಲೆನ್ಸಿನ ವಿಷಯ ಹೇಳಲೇ ಇಲ್ಲ. ಸ್ಪೀಕರಿನಲ್ಲಿ ಯಜಮಾನರ ದನಿ ನನಗೂ ಕೇಳಿಸಿತು. ‘‘ಇಷ್ಟು ಕಷ್ಟ ಅಂತ ಹೇಳಿದ್ರಲ್ಲ, ಅದಕ್ಕೇ ನಂಬ್ತೀನಿ. ಆಗಸ್ಟಲ್ಲಿ ಎಂಟು ದಿನ. ಒಂಬತ್ತನೇ ದಿನ ದುಡ್ಡು ಬರಲ್ಲ. ಉಳಿದದ್ದು ಡಿಸೆಂಬರಲ್ಲಿ ಒಳಾಂಗಣ.’’

ನಿರ್ದೇಶಕರು ಫೋನು ಜೇಬಿಗಿಟ್ಟು ಮಳೆಗೆ ಬೆನ್ನು ಹಾಕಿ ನಿಂತರು. ಕಣ್ಣೊರೆಸಿದ್ದು ಮಳೆನೀರನ್ನೋ ಬೇರೆ ಏನನ್ನೋ, ಆ ಬೆಳಕಿನಲ್ಲಿ ಯಾವ ಕ್ಯಾಮರಾಕ್ಕೂ ಕಾಣುತ್ತಿರಲಿಲ್ಲ. ಛಾಯಾಗ್ರಾಹಕರು ಆಗಲೇ ಅಂಗಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಮೀಟರಿಗೆ ಎಷ್ಟೆಂದು ಚೌಕಾಸಿ ಮಾಡುತ್ತಿದ್ದರು. ಜೀಪಿನ ಡ್ರೈವರ್ ಬಂದು, ಎಂಟು ದಿನಕ್ಕೂ ಗಾಡಿ ತನ್ನದೇ ಇರಲಿ ಎಂದು ಅಡ್ವಾನ್ಸ್ ಕೇಳಿದರು. ಕೊಟ್ಟಾಯಿತು.