ಸಂಘ ಬದಲಾದರೆ ಸಂಕಟ ತೀರೀತೇ?

ತಮ್ಮ ಸಂಘವೇ ತಮ್ಮ ಹಿತ ಕಾಯುತ್ತಿಲ್ಲ ಎಂದು ಸದಸ್ಯರಿಗೆ ಅನಿಸಿದಾಗ ಮಾಡಬೇಕಾದುದೇನು? ಒಳಗಿದ್ದೇ ಅದನ್ನು ತಿದ್ದಬೇಕೇ ಅಥವಾ ಕೈಬಿಟ್ಟು ಹೊಸದೊಂದನ್ನು ಕಟ್ಟಬೇಕೇ? ನೌಕರರ ಸಂಘವೊಂದರಲ್ಲಿ ಹಲವು ವರ್ಷ ದುಡಿದ ನನಗೆ ಈ ಪ್ರಶ್ನೆ ಎದುರಾದಾಗಲೆಲ್ಲ ನೆನಪಾಗುವುದು ಅಮೆರಿಕದ ಯುಎಸ್ ಏರ್‌ವೇಸ್ ಪೈಲಟ್‌ಗಳು.

2005ರಲ್ಲಿ ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ ವಿಮಾನಯಾನ ಕಂಪನಿಗಳು ವಿಲೀನಗೊಂಡವು. ಎರಡೂ ಕಡೆಯ ಪೈಲಟ್‌ಗಳು 1931ರಲ್ಲಿ ಸ್ಥಾಪನೆಯಾದ ಏರ್‌ಲೈನ್ ಪೈಲಟ್ಸ್ ಅಸೋಸಿಯೇಷನ್ (ಆಲ್ಪಾ) ಸದಸ್ಯರೇ ಆಗಿದ್ದರು. ಆದರೂ ಜ್ಯೇಷ್ಠತಾ ಪಟ್ಟಿಯನ್ನು ಒಂದುಗೂಡಿಸಲು ಅವರಿಂದಾಗಲಿಲ್ಲ. ಪೈಲಟ್ ಯಾವ ವಿಮಾನ ಹಾರಿಸಬೇಕು, ಯಾವಾಗ ಕ್ಯಾಪ್ಟನ್ ಆಗಬೇಕು, ಹಬ್ಬಕ್ಕೆ ರಜೆ ಸಿಗುವುದೇ, ನಷ್ಟದ ಕಾಲದಲ್ಲಿ ಮೊದಲು ಮನೆಗೆ ಹೋಗುವವರು ಯಾರು ಎಂಬುದೆಲ್ಲವನ್ನೂ ನಿರ್ಧರಿಸುವುದು ಈ ಪಟ್ಟಿಯೇ. ಬೇರೆ ಕಂಪನಿ ಸೇರಿದರೆ ಮತ್ತೆ ಕೊನೆಯ ಸಾಲಿನಿಂದಲೇ ಆರಂಭಿಸಬೇಕು.

ವಿವಾದ ಮಧ್ಯಸ್ಥಗಾರ ಜಾರ್ಜ್ ನಿಕೊಲಾವ್ ಅವರ ಮುಂದೆ ಬಂತು. 2007ರ ಮೇ ತಿಂಗಳಲ್ಲಿ ಅವರು ನೀಡಿದ ತೀರ್ಪಿನಲ್ಲಿ ಯುಎಸ್ ಏರ್‌ವೇಸ್‌ನ, ಅಂದರೆ 'ಪೂರ್ವ'ದ, ಸುಮಾರು 500 ಹಿರಿಯರು ಪಟ್ಟಿಯ ತುದಿಯಲ್ಲಿದ್ದರು. ವಿಲೀನದ ವೇಳೆಗೆ ಲೇ-ಆಫ್‌ನಲ್ಲಿದ್ದ ಪೂರ್ವದವರು ಕೊನೆಗೆ ಹೋದರು. ಉಳಿದವರನ್ನು ನೇಮಕದ ದಿನಾಂಕದ ಬದಲು, ಅವರವರ ಕಂಪನಿಯಲ್ಲಿದ್ದ ಸ್ಥಾನಕ್ಕೆ ಅನುಗುಣವಾಗಿ ಹೊಂದಿಸಲಾಯಿತು. ಹತ್ತು ಹದಿನೈದು ವರ್ಷ ಸೇವೆ ಸಲ್ಲಿಸಿದವರು ನಿನ್ನೆ ಮೊನ್ನೆ ಸೇರಿದವರ ಹಿಂದೆ ನಿಲ್ಲಬೇಕಾಯಿತು.

ಪೂರ್ವದವರ ಸಿಟ್ಟಿಗೆ ಕಾರಣವಿತ್ತು. ಕಂಪನಿ 2002 ಮತ್ತು 2004ರಲ್ಲಿ ಎರಡು ಬಾರಿ ದಿವಾಳಿ ರಕ್ಷಣೆ ಕೋರಿತ್ತು. ಸಂಬಳಕ್ಕೆ ಕತ್ತರಿ ಬಿದ್ದಿತ್ತು. ಪಿಂಚಣಿ ಯೋಜನೆ 2003ರಲ್ಲಿ ರದ್ದಾಗಿತ್ತು. 2009ರ ಜನವರಿಯಲ್ಲಿ ಹಡ್ಸನ್ ನದಿಯ ಮೇಲೆ ವಿಮಾನ ಇಳಿಸಿ 155 ಜನರು ಬದುಕುಳಿಯುವಂತೆ ಮಾಡಿದ ಕ್ಯಾಪ್ಟನ್ ಸಲೆನ್‌ಬರ್ಗರ್ ಈ ಕಂಪನಿಯವರೇ. ತಮ್ಮ ಸಂಬಳ ಶೇ 40ರಷ್ಟು ಕಡಿತಗೊಂಡಿದ್ದನ್ನು ಅವರು ಮರುತಿಂಗಳೇ ಅಮೆರಿಕದ ಸಂಸತ್ ಸಮಿತಿಯ ಮುಂದೆ ಹೇಳಿದರು. ಪಶ್ಚಿಮದವರ ವಾದವೂ ತಳ್ಳಿಹಾಕುವಂಥದ್ದಲ್ಲ. ಮಧ್ಯಸ್ಥಗಾರರ ತೀರ್ಪೇ ಅಂತಿಮ ಎಂಬ ನಿಯಮವನ್ನು ಒಪ್ಪಿ ಕುಳಿತ ಮೇಲೆ, ತೀರ್ಪು ಹಿಡಿಸಲಿಲ್ಲವೆಂದು ಏಳುವುದು ಯಾವ ನ್ಯಾಯ ಎಂದು ಅವರು ಕೇಳಿದರು.

ಪೂರ್ವದವರ ಸಂಖ್ಯೆ ಹೆಚ್ಚಿತ್ತು. ಅವರು ಯುಸಾಪಾ ಎಂಬ ಹೊಸ ಸಂಘ ಕಟ್ಟಿದರು. ನೇಮಕದ ದಿನಾಂಕವೇ ಜ್ಯೇಷ್ಠತೆಗೆ ಆಧಾರ ಎಂಬುದು ಅದರ ಘೋಷಿತ ಧ್ಯೇಯ. 2008ರ ಏಪ್ರಿಲ್‌ನಲ್ಲಿ ನಡೆದ ಮತದಾನದಲ್ಲಿ ಯುಸಾಪಾ ಗೆದ್ದಿತು, ಆಲ್ಪಾ ಹೊರನಡೆಯಿತು.

ಗೆದ್ದವರಿಗೆ ದಕ್ಕಿದ್ದೇನು? ಪಶ್ಚಿಮದವರು ನ್ಯಾಯಾಲಯಕ್ಕೆ ಹೋದರು. 2009ರಲ್ಲಿ ತೀರ್ಪುಗಾರರ ಮಂಡಳಿ ಅವರ ಪರ ನಿಂತಿತು. ಮೊಕದ್ದಮೆಗೆ ಇನ್ನೂ ಕಾಲ ಪಕ್ವವಾಗಿಲ್ಲವೆಂದು ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಅದನ್ನು ರದ್ದುಮಾಡಿತು. ಜಗಳ ಮುಗಿಯದೆ ಜಂಟಿ ವೇತನ ಒಪ್ಪಂದವೂ ಆಗಲಿಲ್ಲ. ಪೂರ್ವದವರು ದಿವಾಳಿ ಕಾಲದ ಸಂಬಳದಲ್ಲೇ ವರ್ಷಗಳನ್ನು ಕಳೆದರು. 2013ರಲ್ಲಿ ಕಂಪನಿ ಅಮೆರಿಕನ್ ಏರ್‌ಲೈನ್ಸ್ ಜೊತೆ ವಿಲೀನವಾಯಿತು. ಮರುವರ್ಷ ಯುಸಾಪಾ ಪ್ರಾತಿನಿಧ್ಯದ ಹಕ್ಕನ್ನೇ ಕಳೆದುಕೊಂಡಿತು. ಅದು ಪಶ್ಚಿಮದ ಸದಸ್ಯರನ್ನು ನ್ಯಾಯವಾಗಿ ಪ್ರತಿನಿಧಿಸಲಿಲ್ಲ ಎಂದು 2015ರಲ್ಲಿ ಮೇಲ್ಮನವಿ ನ್ಯಾಯಾಲಯವೇ ಹೇಳಿತು.

ಸಂಘ ಬದಲಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಅಮೆರಿಕನ್ ಏರ್‌ಲೈನ್ಸ್ ಪೈಲಟ್‌ಗಳು 1963ರಲ್ಲಿ ಆಲ್ಪಾ ತೊರೆದು ಕಟ್ಟಿದ ಸಂಘ ಅರ್ಧ ಶತಮಾನ ಕಳೆದರೂ ಗಟ್ಟಿಯಾಗಿ ನಿಂತಿತ್ತು. ಆಡಳಿತದ ಎದುರು ಇನ್ನಷ್ಟು ಬಲವಾಗಿ ನಿಲ್ಲಲು ಹೊಸ ಸಂಘ ಕಟ್ಟುವುದು ಬೇರೆ. ಪಕ್ಕದ ಸಹೋದ್ಯೋಗಿಯನ್ನು ಹಿಂದಕ್ಕೆ ತಳ್ಳಲು ಕಟ್ಟುವುದೇ ಬೇರೆ.

ನಮ್ಮಲ್ಲಿಯೂ 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದಾಗ ಪೈಲಟ್‌ಗಳ ಸಂಘಗಳು ಎರಡಾಗಿಯೇ ಉಳಿದವು. 2011ರಲ್ಲಿ ಒಂದು ಸಂಘ ಸಮಾನ ವೇತನಕ್ಕಾಗಿ ಮುಷ್ಕರ ಹೂಡಿತು. 2012ರಲ್ಲಿ ಇನ್ನೊಂದು ಸಂಘ, ಹೊಸ ಡ್ರೀಮ್‌ಲೈನರ್ ವಿಮಾನದ ತರಬೇತಿಯನ್ನು ಮೊದಲನೆಯವರಿಗೆ ಕೊಡಬಾರದೆಂದು 58 ದಿನ ಕೆಲಸ ನಿಲ್ಲಿಸಿತು. ಎರಡೂ ಬಾರಿ ಲಾಭವಾದದ್ದು ನೌಕರರಿಗಂತೂ ಅಲ್ಲ.

ವಿಲೀನದ ಮಾತು ಇಂದು ಬ್ಯಾಂಕುಗಳಿಂದ ಸಾರಿಗೆಯವರೆಗೆ ಎಲ್ಲೆಡೆ ಕೇಳಿಬರುತ್ತದೆ. ಬಹುಮತದಿಂದ ಸಂಘ ಬದಲಿಸಬಹುದು. ಆದರೆ ಸೋತವರೂ ಮರುದಿನ ಅದೇ ಕಂಪನಿಯಲ್ಲಿ, ಅದೇ ಸಂಘದ ಸದಸ್ಯರಾಗಿಯೇ ಇರುತ್ತಾರೆ. ಅವರಿಗೂ ಉತ್ತರ ಹೇಳಬಲ್ಲೆವೇ ಎಂಬುದನ್ನು ಮತ ಹಾಕುವ ಮೊದಲೇ ಯೋಚಿಸುವುದು ಒಳಿತು.