ಅಡವಿಯ ಶಿಬಿರವೂ ನಮ್ಮ ಬಾಲಿಕೆಯರೂ

ಬೇಸಿಗೆಯ ರಜೆಯಲ್ಲಿ ಗೈಡ್ ಶಿಬಿರಕ್ಕೆ ಬಾಲಿಕೆಯರನ್ನು ಕರೆದೊಯ್ಯುವ ಕಾಲವು ಬಂದಿತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟದ ಮನೆಗಳಿಂದ ನಮಗೆ ಒಂದೇ ಪ್ರಶ್ನೆಯು ಬರುವುದು: “ಟೀಚರಮ್ಮ, ಮನೆಯಲ್ಲಿ ನೆರಳೂ ನೀರೂ ಇರುವಾಗ ಹೆಣ್ಣುಮಗುವನ್ನು ಕಾಡಿನಲ್ಲಿ ಮಲಗಿಸುವುದರಿಂದ ಏನು ಪ್ರಯೋಜನ?” ಪ್ರಶ್ನೆಯು ನ್ಯಾಯವಾದುದೇ. ಆದುದರಿಂದ ಈ ಸ್ಮರಣ ಸಂಚಿಕೆಯಲ್ಲಿ ಅದಕ್ಕೆ ಉತ್ತರ ಹೇಳುವುದು ನಮ್ಮ ಕರ್ತವ್ಯವೆಂದು ಎಣಿಸಿರುವೆವು.

ಈ ಪದ್ಧತಿಯು ಹೊಸದಲ್ಲ. ೧೯೦೭ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಬೇಡನ್ ಪೊವೆಲರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಮಂದಿ ಬಾಲಕರನ್ನು ಗುಡಾರಗಳಲ್ಲಿ ಇರಿಸಿ ಮೊದಲನೆಯ ಶಿಬಿರವನ್ನು ನಡೆಸಿದರು. ಸಿರಿವಂತರ ಮಕ್ಕಳೂ ಕೂಲಿಕಾರರ ಮಕ್ಕಳೂ ಅಲ್ಲಿ ಒಟ್ಟಿಗೆ ಉಂಡು ಮಲಗಿದರು. ೧೯೦೯ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸ್ಕೌಟುಗಳ ಮೇಳವು ಕೂಡಿದಾಗ ಕೆಲವು ಹುಡುಗಿಯರು ಕರೆಯದೆಯೇ ಬಂದು, ತಾವೂ ಸ್ಕೌಟುಗಳೆಂದು ಹೇಳಿ ನಿಂತರು. ಅವರಿಗಾಗಿಯೇ ೧೯೧೦ರಲ್ಲಿ ಗೈಡ್ ಸಂಸ್ಥೆಯು ಹುಟ್ಟಿತು. ಪೊವೆಲರ ತಂಗಿ ಆಗ್ನೆಸ್ ಅದರ ಭಾರವನ್ನು ವಹಿಸಿದರು. ನಮ್ಮ ದೇಶದ ಮೊದಲನೆಯ ಗೈಡ್ ದಳವು ೧೯೧೧ರಲ್ಲಿ ಜಬಲ್ಪುರದಲ್ಲಿ ಏರ್ಪಟ್ಟಿತು. ೧೯೫೧ರಲ್ಲಿ ಗೈಡುಗಳು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಲ್ಲಿ ಸೇರಿದರು.

ನಾವು ಹೋಗುವುದು ಹರಿಹರ ತಾಲ್ಲೂಕಿನ ಕೊಂಡಜ್ಜಿಗೆ. ಸ್ಕೌಟ್ ಚಳವಳಿಗಾಗಿ ಬಹಳ ದುಡಿದ ಕೊಂಡಜ್ಜಿ ಬಸಪ್ಪನವರ ಊರು ಅದು. ತಿಪಟೂರಿನಲ್ಲಿ ರೈಲು ಹತ್ತಿದರೆ ಅರಸೀಕೆರೆ, ಬೀರೂರು, ಚಿಕ್ಕಜಾಜೂರು, ದಾವಣಗೆರೆಗಳನ್ನು ದಾಟಿ ಹರಿಹರದಲ್ಲಿ ಇಳಿಯಬಹುದು. ಕೊಂಡಜ್ಜಿಯಲ್ಲಿ ಕೆರೆಯೂ ಕುರುಚಲು ಕಾಡಿನ ಗುಡ್ಡಗಳೂ ಇರುವುವು. ತೆಂಗಿನ ನೆರಳಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಆ ಬಯಲು ಬಿಸಿಲೇ ಮೊದಲನೆಯ ಪಾಠ.

ಶಿಬಿರದ ಜೀವಾಳವು ಗುಡಾರವಲ್ಲ, ಪೆಟ್ರೋಲ್ ಎಂಬ ಸಣ್ಣ ಪಂಗಡವು. ಆರರಿಂದ ಎಂಟು ಮಂದಿ ಬಾಲಿಕೆಯರು ಸೇರಿ ಒಂದು ಪಂಗಡ; ತಾವರೆ, ಗುಲಾಬಿ ಎಂಬಂತೆ ಅದಕ್ಕೊಂದು ಹೂವಿನ ಹೆಸರು; ಅವರಲ್ಲೇ ಒಬ್ಬಳು ನಾಯಕಿ. ನೀರು ತರುವುದು, ಸೌದೆ ಆಯುವುದು, ಅಡಿಗೆ, ಗುಡಾರದ ಗೂಟ, ಗಾಯಕ್ಕೆ ಪಟ್ಟಿ, ಇವೆಲ್ಲವೂ ಅವರ ಪಾಲಿನವು. ಅನ್ನ ಸೀದರೆ ಸೀದ ಅನ್ನವನ್ನೇ ಉಣ್ಣಬೇಕು. ಅರಣ್ಯದಲ್ಲಿ ಮೋಶೆಯು ಜನರ ವ್ಯಾಜ್ಯಗಳನ್ನೆಲ್ಲ ಒಬ್ಬನೇ ತೀರಿಸುತ್ತ ಬಳಲಿದಾಗ, ಹತ್ತು ಹತ್ತು ಮಂದಿಗೂ ಒಬ್ಬೊಬ್ಬ ಅಧಿಪತಿಯನ್ನು ನೇಮಿಸೆಂದು ಮಾವನಾದ ಇತ್ರೋನನು ಬುದ್ಧಿ ಹೇಳಿದ ಸಂಗತಿಯು ವಿಮೋಚನಕಾಂಡವನ್ನು ಓದಿದವರಿಗೆ ನೆನಪಿರಬಹುದು. ಪಂಗಡದ ಮರ್ಮವೂ ಅದೇ. ಇಡೀ ತರಗತಿಯಲ್ಲಿ ಅಡಗಿ ಕೂರುವ ಹುಡುಗಿಯು ಏಳು ಮಂದಿಯ ನಡುವೆ ಅಡಗಲಾರಳು.

ಇದನ್ನು ನಾವು ಮೊದಲು ಅರಿಯಲಿಲ್ಲ. ಮೊದಲನೆಯ ವರ್ಷ ಗುಡಾರವನ್ನು ನಾವೇ ಬಿಗಿದೆವು, ಒಲೆಯನ್ನು ನಾವೇ ಹೊತ್ತಿಸಿದೆವು. ಮಕ್ಕಳು ಹೋದಂತೆಯೇ ಹಿಂದಿರುಗಿದರು. ಮರುವರ್ಷ ಕೈಕಟ್ಟಿ ನಿಲ್ಲುವುದೆಂದು ನಿಶ್ಚಯಿಸಿ, ತರಗತಿಗೆ ಮೊದಲಿಗಳಾದ ಒಬ್ಬಳನ್ನು ಒಂದು ಪಂಗಡದ ನಾಯಕಿಯನ್ನಾಗಿ ಮಾಡಿದೆವು. ಅದೇ ಪಂಗಡದಲ್ಲಿ ಕಾಯಿ ಸುಲಿಯುವ ಕೂಲಿಗಾರರೊಬ್ಬರ ಮಗಳಿದ್ದಳು, ಬಹಳ ಮಾತಿಲ್ಲದವಳು. ಅವಳು ಚೀಲದಲ್ಲಿ ಕರಟವನ್ನೂ ತೆಂಗಿನ ನಾರನ್ನೂ ತುಂಬಿಕೊಂಡು ಬಂದುದನ್ನು ಕಂಡು ರೈಲ್ವೆ ನಿಲ್ದಾಣದಲ್ಲಿ ಉಳಿದವರು ನಕ್ಕರು.

ಮೂರನೆಯ ದಿನ ಸಂಜೆ ಭರಣಿ ಮಳೆಯು ಗಾಳಿಗುಡುಗುಗಳೊಡನೆ ಬಂದಿತು. ಎಲ್ಲರೂ ಕಟ್ಟಡದೊಳಕ್ಕೆ ಓಡಿದರು. ಮಳೆ ನಿಂತ ಮೇಲೆ ನೋಡಿದರೆ ಸೌದೆಯೆಲ್ಲ ನೆನೆದಿತ್ತು, ಎರಡು ಗುಡಾರಗಳು ಮಲಗಿದ್ದುವು. ನಾಯಕಿಯು ನಮ್ಮ ಮುಖವನ್ನೇ ನೋಡುತ್ತ ನಿಂತಳು. ನಾವು ಬಾಯಿ ತೆರೆಯಲಿಲ್ಲ. ಉಪಾಧ್ಯಾಯಿನಿಯರಿಗೆ ಅದಕ್ಕಿಂತ ಕಷ್ಟವಾದ ಕೆಲಸವಿಲ್ಲ. ಆಗ ಆ ಮೌನಿಯಾದ ಹುಡುಗಿಯು ಮೂರು ಕಲ್ಲುಗಳನ್ನು ಜೋಡಿಸಿ, ನಾರನ್ನು ಬಿಡಿಬಿಡಿಯಾಗಿ ಹರಡಿ, ಮೇಲೆ ಕರಟಗಳನ್ನು ಇಟ್ಟು ಬೆಂಕಿ ಹೊತ್ತಿಸಿದಳು. ನೆನೆದ ಸೌದೆಯನ್ನು ಒಲೆಯ ಸುತ್ತಲೂ ನಿಲ್ಲಿಸಿ ಒಣಗಿಸಿದಳು. ರಾತ್ರಿ ಬಹಳ ಹೊತ್ತಾದ ಮೇಲೆ ಎಲ್ಲರಿಗೂ ಬಿಸಿ ಗಂಜಿ ದೊರೆಯಿತು.

ನಮಗೆ ಹೆಚ್ಚು ಸಂತೋಷ ಕೊಟ್ಟುದು ಮರುದಿನದ ಸಂಗತಿ. ನಾಯಕಿಯು ತಾನಾಗಿಯೇ ಅವಳ ಬಳಿಗೆ ಹೋಗಿ, “ಒಲೆ ಹೊತ್ತಿಸುವುದನ್ನು ನಮಗೂ ಕಲಿಸೇ” ಎಂದು ಕೇಳಿದಳು. ಆ ಬಳಿಕ ಯಾರಿಗೆ ಯಾವ ಕೆಲಸ ಬರುವುದೆಂದು ವಿಚಾರಿಸಿ ಹಂಚತೊಡಗಿದಳು. ಒಬ್ಬಳಿಗೆ ತನ್ನಲ್ಲಿ ಏನೋ ಉಂಟೆಂಬುದು ತಿಳಿಯಿತು; ಇನ್ನೊಬ್ಬಳಿಗೆ ಎಲ್ಲವೂ ತನ್ನಲ್ಲಿಯೇ ಇರಬೇಕಾಗಿಲ್ಲವೆಂಬುದು ತಿಳಿಯಿತು. ಮೊದಲನೆಯದು ಆತ್ಮವಿಶ್ವಾಸ, ಎರಡನೆಯದು ನಾಯಕತ್ವ. ಇವು ಕಷ್ಟಪಟ್ಟ ಮಾತ್ರಕ್ಕೆ ಬರುವುವಲ್ಲ. ತನ್ನ ಕೆಲಸವನ್ನು ಇತರರು ನಿಜವಾಗಿ ನಂಬಿಕೊಂಡಿರುವಾಗ ಬರುವುವು. ನಮ್ಮ ಅಂಕಪಟ್ಟಿಯು ಆ ಹುಡುಗಿಯನ್ನು ತೋರಿಸಿಕೊಟ್ಟಿರಲಿಲ್ಲವೆಂಬುದನ್ನೂ ನಾಚಿಕೆಯಿಂದಲೇ ಒಪ್ಪಿಕೊಳ್ಳುವೆವು.

ತಾಯಿತಂದೆಗಳ ಭಯವನ್ನು ನಾವು ಹಗುರವಾಗಿ ಎಣಿಸುವವರಲ್ಲ. ಒಪ್ಪಿಗೆಯ ಪತ್ರವಿಲ್ಲದೆ ಯಾರನ್ನೂ ಕರೆದೊಯ್ಯುವುದಿಲ್ಲ. ತರಬೇತಿ ಹೊಂದಿದ ಉಪಾಧ್ಯಾಯಿನಿಯರು ಹಗಲೂ ರಾತ್ರಿಯೂ ಜೊತೆಯಲ್ಲಿರುವರು. ಕುದಿಸಿದ ನೀರನ್ನೇ ಕುಡಿಯುವುದು, ಕೆರೆಗೆ ಇಳಿಯಕೂಡದು, ಗುಡುಗಿದರೆ ಗುಡಾರದಲ್ಲಿ ಇರಕೂಡದು. ನಾವು ಸುಮ್ಮನಿರುವುದು ತಪ್ಪು ನಡೆಯುವಾಗ ಮಾತ್ರ, ಅಪಾಯ ಬರುವಾಗ ಅಲ್ಲ.

ಇನ್ನೊಂದು ಮಾತು. ಶಿಬಿರದಲ್ಲಿ ಹೊತ್ತಿದ ಬೆಂಕಿಯು ಮನೆಯಲ್ಲಿ ಗಾಳಿಯಾಡದಿದ್ದರೆ ಆರಿಹೋಗುವುದು. “ಮಗಳು ಈಗ ಎಲ್ಲಕ್ಕೂ ಯಾಕೆ ಎಂದು ಕೇಳುತ್ತಾಳೆ” ಎಂದು ಒಬ್ಬ ತಾಯಿಯು ನಮ್ಮಲ್ಲಿ ದೂರಿದರು. ಕೇಳುವುದು ಬೇರೆ, ಎದುರಾಡುವುದು ಬೇರೆ ಎಂದು ವಿನಯದಿಂದ ತಿಳಿಸಿದೆವು. ಆ ಕೂಲಿಗಾರರ ಮಗಳಿಗೆ ಎಸ್.ಎಸ್.ಎಲ್.ಸಿ. ಆದ ಮೇಲೆ ಓದು ಸಾಕೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ಅವಳು ತಂದೆಯನ್ನು ನಮ್ಮ ಕೊಠಡಿಗೆ ಕರೆತಂದು, ನಮ್ಮಿಂದ ಹೇಳಿಸದೆ, ತಾನೇ ನಿಂತು ತನ್ನ ಮಾತನ್ನು ಹೇಳಿದಳು. “ಅಪ್ಪಯ್ಯ, ಇನ್ನೆರಡು ವರ್ಷ ಓದಿಸು” ಎಂಬಷ್ಟೇ ಆ ಮಾತು. ತಂದೆಯು ಬಹಳ ಹೊತ್ತು ನೆಲವನ್ನು ನೋಡಿ, ಆಗಲೆಂದರು. ಇದು ಶಿಬಿರದ ಫಲವೇ ಎಂದು ನಾವು ಹೇಳಲಾರೆವು. ಆದರೆ ಎರಡು ವರ್ಷಗಳ ಹಿಂದೆ ಅವಳು ಹಾಜರಿಗೂ ಗಟ್ಟಿಯಾಗಿ ಓಗೊಡುತ್ತಿರಲಿಲ್ಲವೆಂಬುದನ್ನು ಬಲ್ಲೆವು.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ಬಿನ್ನಹವಿಷ್ಟೆ: ಬಡ ಮಕ್ಕಳ ರೈಲಿನ ಖರ್ಚಿಗೆ ಕೈಲಾದುದನ್ನು ಕೊಡಿರಿ, ಸಾಧ್ಯವಾದವರು ಬಂದು ನಮ್ಮೊಡನೆ ನಾಲ್ಕು ದಿನ ಇರಿರಿ. ತಾಯಿತಂದೆಗಳಲ್ಲಿ ಕೋರುವುದು: ಮಗಳನ್ನು ಕಳುಹಿಸಿರಿ, ಹಿಂದಿರುಗಿದ ಮೇಲೆ ಮನೆಯ ಒಂದು ಕೆಲಸವನ್ನು ಪೂರ್ಣವಾಗಿ ಅವಳಿಗೆ ಒಪ್ಪಿಸಿ, ತಪ್ಪಿದರೂ ತಾಳಿಕೊಳ್ಳಿರಿ. ಮಿಕ್ಕುದನ್ನು ದೇವರು ನಡೆಸಿಕೊಡಲಿ.