ವಿಮಾನ ಚಾಲಕರ ಹರಡಿನ ಮೂಳೆ

ಮೊದಲ ಮಹಾಯುದ್ಧದಲ್ಲಿ ನೆಲಕ್ಕಪ್ಪಳಿಸಿದ ವಿಮಾನಗಳಿಂದ ಜೀವ ಉಳಿಸಿಕೊಂಡು ಬಂದ ಹಲವು ಚಾಲಕರಿಗೆ ಒಂದೇ ಜಾಗದಲ್ಲಿ ಪೆಟ್ಟಾಗಿರುತ್ತಿತ್ತು. ಮೊಳಕಾಲ ಮೂಳೆಗೂ ಹಿಮ್ಮಡಿ ಮೂಳೆಗೂ ನಡುವೆ ಕೂತಿರುವ, ಟೇಲಸ್ ಎಂಬ ಹರಡಿನ ಮೂಳೆಯ ಕತ್ತು ಮುರಿದಿರುತ್ತಿತ್ತು. ಬ್ರಿಟಿಷ್ ಶಸ್ತ್ರವೈದ್ಯ ಹೆನ್ರಿ ಗ್ರೇಮ್ ಆಂಡರ್ಸನ್ 1919ರಲ್ಲಿ ಪ್ರಕಟಿಸಿದ ವೈಮಾನಿಕ ವೈದ್ಯಕೀಯದ ಪುಸ್ತಕದಲ್ಲಿ ಇಂಥ 18 ಪ್ರಕರಣಗಳನ್ನು ಕೊಟ್ಟು, ‘ಏವಿಯೇಟರ್ಸ್ ಅಸ್ಟ್ರಾಗಲಸ್’ ಎಂದು ಹೆಸರಿಟ್ಟರು; ಅಸ್ಟ್ರಾಗಲಸ್ ಎಂಬುದು ಟೇಲಸ್‌ನ ಹಳೆಯ ಹೆಸರು.

ಟೇಲಸ್‌ಗೆ ಪೆಟ್ಟಾಗುವುದು ಹೊಸದೇನಲ್ಲ. 1608ರಷ್ಟು ಹಿಂದೆಯೇ ಶಸ್ತ್ರವೈದ್ಯ ಫ್ಯಾಬ್ರಿಸಿಯಸ್ ಹಿಲ್ಡಾನಸ್, ಕೀಲು ತಪ್ಪಿದ ಟೇಲಸ್ ಅನ್ನು ಇಡಿಯಾಗಿ ಹೊರತೆಗೆದ ಪ್ರಕರಣವನ್ನು ಬರೆದಿಟ್ಟಿದ್ದರು. ಆದರೆ ಆಂಡರ್ಸನ್ ಮೂಳೆಯ ಜೊತೆಗೆ ವಿಮಾನವನ್ನೂ ನೋಡಿದರು. ಅವರು ಸ್ವತಃ ಹಾರಲು ಕಲಿತವರು. ಆ ಕಾಲದ ವಿಮಾನಗಳಲ್ಲಿ ಚಾಲಕನ ಅಂಗಾಲು, ದಿಕ್ಕು ತಿರುಗಿಸುವ ರಡ್ಡರ್‌ನ ಅಡ್ಡಪಟ್ಟಿಯ ಮೇಲಿರುತ್ತಿತ್ತು. ವಿಮಾನ ಬಿದ್ದಾಗ ಆ ಪಟ್ಟಿ ಪಾದವನ್ನು ಮೇಲಕ್ಕೆ ಒತ್ತಿ, ಟೇಲಸ್‌ನ ಕತ್ತನ್ನು ಮೊಳಕಾಲ ಮೂಳೆಯ ಅಂಚಿಗೆ ಬಡಿಸುತ್ತಿತ್ತು. ರೋಗಿ ಹೇಗೆ ಬಿದ್ದನೆಂದು ಇಷ್ಟು ಆಸ್ಥೆಯಿಂದ ವಿಚಾರಿಸಿದ ವೈದ್ಯನನ್ನು ನಾವು ಮರೆತೇಬಿಟ್ಟಿದ್ದೇವೆ ಎಂಬುದು ನನಗೆ ಬೇಸರದ ಸಂಗತಿ.

ಈಗ ವೈದ್ಯಕೀಯ ಪರೀಕ್ಷೆಗೆ ಓದುವವರ ಬಾಯಲ್ಲಿ ಉಳಿದಿರುವುದು ಮೂಳೆವೈದ್ಯ ಲೀಲ್ಯಾಂಡ್ ಹಾಕಿನ್ಸ್ ಹೆಸರು. 1970ರಲ್ಲಿ ಅವರು ಕತ್ತಿನ ಮುರಿತವನ್ನು, ಮೂಳೆ ಎಷ್ಟು ಜಾಗ ಬಿಟ್ಟಿದೆ ಎಂಬುದರ ಮೇಲೆ ಮೂರು ಬಗೆಯಾಗಿ ವಿಂಗಡಿಸಿದರು. ಅದೂ ದೊಡ್ಡ ಕೆಲಸವೇ. ಟೇಲಸ್‌ಗೆ ಒಂದು ಸ್ನಾಯುವೂ ಅಂಟಿಕೊಂಡಿಲ್ಲ, ಅದರ ಅರ್ಧಕ್ಕಿಂತ ಹೆಚ್ಚು ಮೈ ಮೃದ್ವಸ್ಥಿಯಿಂದ ಮುಚ್ಚಿದೆ. ಅದರೊಳಕ್ಕೆ ರಕ್ತ ಹೋಗುವ ದಾರಿಗಳು ಕೆಲವೇ, ಅವುಗಳಲ್ಲಿ ಮುಖ್ಯವಾದವು ಕತ್ತಿನ ಬಳಿಯಿವೆ. ಮುರಿದ ತುಂಡು ಸರಿದಷ್ಟೂ ರಕ್ತನಾಳಗಳು ಹರಿಯುವ, ಮೂಳೆ ಸಾಯುವ ಭಯ ಹೆಚ್ಚು.

ಮೂಳೆ ಬದುಕಿದೆಯೇ ಎಂದು ತಿಳಿಯುವ ಗುರುತನ್ನೂ ಹಾಕಿನ್ಸ್ ಕೊಟ್ಟರು. ಆರರಿಂದ ಎಂಟು ವಾರ ಕಾಲೂರದೆ ಇದ್ದಾಗ ರಕ್ತ ಹರಿಯುತ್ತಿರುವ ಮೂಳೆ ಸ್ವಲ್ಪ ಸುಣ್ಣ ಕಳೆದುಕೊಳ್ಳುತ್ತದೆ. ಆಗ ಎಕ್ಸ್-ರೇಯಲ್ಲಿ ಟೇಲಸ್‌ನ ಮೇಲ್ಭಾಗದಡಿ ತೆಳುವಾದ ಕಪ್ಪು ಗೆರೆ ಕಾಣುತ್ತದೆ. ರಕ್ತ ನಿಂತ ಮೂಳೆಯಲ್ಲಿ ಆ ಗೆರೆ ಮೂಡುವುದಿಲ್ಲ.

ಇಂದು ಇದೇ ಮುರಿತ ಬರುವುದು ಕಾರಿನ ಬ್ರೇಕ್ ಮೇಲೆ ಕಾಲಿಟ್ಟೇ ಗುದ್ದಿದವರಿಗೆ, ಎತ್ತರದಿಂದ ಬಿದ್ದ ಕಟ್ಟಡ ಕಾರ್ಮಿಕರಿಗೆ. ಕೀಲು ತಪ್ಪಿದ್ದರೆ ತಡಮಾಡದೆ ಕೂರಿಸಬೇಕು. ಸ್ಕ್ರೂ ಹಾಕಿ ಬಿಗಿಯುವುದು ಊತ ಇಳಿಯುವವರೆಗೆ ಕಾಯಬಹುದು. ಆಮೇಲೂ ವಾರಗಟ್ಟಲೆ ಆ ಕಾಲಿನ ಮೇಲೆ ಭಾರ ಬಿಡುವಂತಿಲ್ಲ.